ರುವಾಂಡಾ ವಿಷಯದಲ್ಲಿ ಯಾರೂ ವೀಟೋ ಹಾಕಲಿಲ್ಲ

ಓದುಗರೊಬ್ಬರ ಪ್ರಶ್ನೆ: ನರಮೇಧ ತಡೆಯುತ್ತೇವೆ ಅಂತ ದೇಶಗಳು 1948ರಲ್ಲೇ ಒಪ್ಪಂದ ಮಾಡಿಕೊಂಡವು. ಆದರೂ 1994ರಲ್ಲಿ ರುವಾಂಡಾದಲ್ಲಿ ನೂರು ದಿನದಲ್ಲಿ ಎಂಟು ಲಕ್ಷ ಜನರನ್ನು ಕೊಂದರು. ಜಗತ್ತಿಗೆ ನಿಜವಾಗಿಯೂ ಗೊತ್ತಿರಲಿಲ್ಲವೇ? ದೊಡ್ಡ ದೇಶಗಳ ವೀಟೋದಿಂದ ಹೀಗಾಯಿತೇ? ಸೈನ್ಯ ಕಳಿಸಿದ್ದರೂ ಏನಾದರೂ ಬದಲಾಗುತ್ತಿತ್ತೇ? ಆಗ ಭಾರತ ಎಲ್ಲಿತ್ತು?

ಉತ್ತರ:

ಮೊದಲು ವೀಟೋ ವಿಷಯ ಮುಗಿಸಿಬಿಡೋಣ. ಈ ಪ್ರಶ್ನೆ ಕೇಳುವವರಲ್ಲಿ ಜಾಸ್ತಿ ಜನ ಅಲ್ಲೇ ದಾರಿ ತಪ್ಪುತ್ತಾರೆ. ರುವಾಂಡಾ ವಿಷಯದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಯಾರೂ ವೀಟೋ ಹಾಕಲಿಲ್ಲ. ಒಂದು ಸಲವೂ ಇಲ್ಲ. ಕೊಲೆಗಳು ಶುರುವಾಗಿ ಎರಡು ವಾರ ಕಳೆದಿದ್ದಾಗ, 1994ರ ಏಪ್ರಿಲ್ 21ರಂದು, ಅಲ್ಲಿದ್ದ ಶಾಂತಿಪಾಲನಾ ಪಡೆಯನ್ನು 270 ಜನಕ್ಕೆ ಇಳಿಸುವ 912ನೇ ನಿರ್ಣಯ ಪಾಸಾಯಿತು. ಹದಿನೈದಕ್ಕೆ ಹದಿನೈದೂ ದೇಶಗಳು ಒಪ್ಪಿದವು. ಆ ಹದಿನೈದರಲ್ಲಿ ರುವಾಂಡಾವೂ ಒಂದು! ಹೌದು, ಯಾವ ಸರ್ಕಾರದ ಸೈನ್ಯ ಮತ್ತು ಅಧಿಕಾರಿಗಳು ಊರೂರಲ್ಲಿ ಕೊಲೆ ಮಾಡಿಸುತ್ತಿದ್ದರೋ ಆ ಸರ್ಕಾರದ ಪ್ರತಿನಿಧಿ ಆ ವರ್ಷ ಭದ್ರತಾ ಮಂಡಳಿಯ ಸದಸ್ಯನಾಗಿ ಅದೇ ಮೇಜಿನ ಸುತ್ತ ಕೂತಿದ್ದ.

ವೀಟೋದಿಂದ ಆಗಿದ್ದರೆ ಲೆಕ್ಕ ಸುಲಭ, ಒಬ್ಬರ ಕಡೆ ಬೆರಳು ತೋರಿಸಬಹುದಿತ್ತು. ಇಲ್ಲಿ ಹಾಗಾಗಲಿಲ್ಲ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿ ಅನ್ನಿಸುವ ಒಂದೊಂದು ಸಣ್ಣ ನಿರ್ಧಾರ ತೆಗೆದುಕೊಂಡರು. ಆ ಎಲ್ಲಾ ನಿರ್ಧಾರಗಳನ್ನೂ ಕೊಲೆಗಾರರು ಕೂತು ಗಮನಿಸುತ್ತಿದ್ದರು. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ. ಜಗತ್ತು ಸುಮ್ನೆ ಕೂತಿತ್ತು ಅನ್ನುವುದು ಪೂರ್ತಿ ನಿಜವಲ್ಲ. ಜಗತ್ತು ಬೇಕಾದಷ್ಟು ಮಾಡಿತು, ಮಾಡಿದ್ದೆಲ್ಲಾ ಕೊಲ್ಲುವವರಿಗೆ ಧೈರ್ಯ ಕೊಡುವಂಥದ್ದೇ ಆಯಿತು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ರುವಾಂಡಾದವರಿಗೆ ಗುರುತಿನ ಚೀಟಿ ಕೊಟ್ಟು, ಅದರಲ್ಲಿ ಹುಟು, ಟುಟ್ಸಿ, ಟ್ವಾ ಅಂತ ಜನಾಂಗ ಬರೆಸಿತು. ಹುಟುಗಳು ಬಹುಸಂಖ್ಯಾತರು. ಮೊದಲು ಟುಟ್ಸಿಗಳನ್ನು ಎತ್ತಿ ಹಿಡಿದಿದ್ದ ಬೆಲ್ಜಿಯಂ ಸ್ವಾತಂತ್ರ್ಯ ಹತ್ತಿರವಾದಾಗ ಹುಟು ಮುಖಂಡರ ಕಡೆ ವಾಲಿತು. 1959ರ ಗಲಭೆಗಳಿಂದ ಶುರುವಾಗಿ ಲಕ್ಷಾಂತರ ಟುಟ್ಸಿಗಳು ಉಗಾಂಡಾ, ಬುರುಂಡಿ ಕಡೆ ಓಡಿಹೋದರು. ಹಾಗೆ ಹೋದವರ ಮಕ್ಕಳು ಉಗಾಂಡಾದಲ್ಲಿ ಕಟ್ಟಿದ ಆರ್‌ಪಿಎಫ್ ಎಂಬ ಸಶಸ್ತ್ರ ಪಡೆ 1990ರ ಅಕ್ಟೋಬರ್ 1ರಂದು ರುವಾಂಡಾದೊಳಗೆ ನುಗ್ಗಿತು. ಅಧ್ಯಕ್ಷ ಹಬ್ಯಾರಿಮಾನರ ಸರ್ಕಾರದ ಬೆನ್ನಿಗೆ ಫ್ರಾನ್ಸ್ ನಿಂತಿತು, ಸೈನಿಕರನ್ನು ಕಳಿಸಿತು, ಸೈನ್ಯಕ್ಕೆ ತರಬೇತಿ ಕೊಟ್ಟಿತು. 1993ರ ಆಗಸ್ಟ್ 4ರಂದು ತಾಂಜಾನಿಯಾದ ಅರುಷಾದಲ್ಲಿ ಶಾಂತಿ ಒಪ್ಪಂದ ಆಯಿತು. ಅಧಿಕಾರ ಹಂಚಿಕೊಳ್ಳುವುದು ಬೇಡ ಅಂದ ಹುಟು ಉಗ್ರರು ಅಷ್ಟರಲ್ಲಾಗಲೇ ಇಂಟರಾಹಾಮ್ವೆ ಎಂಬ ಯುವ ಪಡೆಗೆ ತರಬೇತಿ ಕೊಡುತ್ತಿದ್ದರು, ಮಚ್ಚುಗಳನ್ನು ತರಿಸುತ್ತಿದ್ದರು, ಆರ್‌ಟಿಎಲ್‌ಎಂ ಅಂತ ಒಂದು ರೇಡಿಯೋ ಶುರು ಮಾಡಿದ್ದರು. ಹಾಡು, ಜೋಕು, ನಡುವೆ ಟುಟ್ಸಿಗಳನ್ನು ಜಿರಳೆ ಅನ್ನುವ ಮಾತು. ಜನ ಖುಷಿಯಿಂದ ಕೇಳುತ್ತಿದ್ದರು.

ಈಗ ನಿಮ್ಮ ಮೊದಲ ಪ್ರಶ್ನೆ, ಗೊತ್ತಿರಲಿಲ್ಲವೇ?

ಗೊತ್ತಿತ್ತು. ಎಲ್ಲರಿಗೂ ಎಲ್ಲವೂ ಗೊತ್ತಿರಲಿಲ್ಲ, ಆದರೆ ಗೊತ್ತಿರಬೇಕಾದವರಿಗೆ ಬೇಕಾದಷ್ಟು ಗೊತ್ತಿತ್ತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ವಿಶೇಷ ವರದಿಗಾರ, ಸೆನೆಗಲ್‌ನ ಬಕ್ರೆ ವಾಲಿ ಎನ್ಡಿಯಾಯೆ, 1993ರ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿ ಬಂದು ಆಗಸ್ಟ್‌ನಲ್ಲಿ ವರದಿ ಕೊಟ್ಟರು. ಟುಟ್ಸಿಗಳನ್ನು ಟುಟ್ಸಿಗಳು ಅನ್ನುವ ಒಂದೇ ಕಾರಣಕ್ಕೆ ಕೊಲ್ಲುತ್ತಿದ್ದಾರೆ, ಇದು ನರಮೇಧದ ಒಪ್ಪಂದದ ಕೆಳಗೆ ಬರಬಹುದು ಅಂತ ಅದರಲ್ಲೇ ಇದೆ. ಅರುಷಾ ಒಪ್ಪಂದ ಆದ ತಿಂಗಳೇ ಈ ವರದಿಯೂ ಬಂತು. ಶಾಂತಿ ಪಡೆಯನ್ನು ಯೋಜಿಸಿದವರ ಮೇಜಿಗೆ ಅದು ಹೋಗಲೇ ಇಲ್ಲ. ಮಾನವ ಹಕ್ಕುಗಳ ವಿಭಾಗ ಒಂದು ಕಡೆ, ಶಾಂತಿಪಾಲನಾ ವಿಭಾಗ ಇನ್ನೊಂದು ಕಡೆ. ಯಾವ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಇದು ಅರ್ಥವಾಗುತ್ತದೆ.

ಆಮೇಲೆ ಆ ಪ್ರಸಿದ್ಧ ಫ್ಯಾಕ್ಸ್. 1994ರ ಜನವರಿ 11. ಶಾಂತಿ ಪಡೆಯ ಕಮಾಂಡರ್, ಕೆನಡಾದ ಜನರಲ್ ರೋಮಿಯೋ ಡಲ್ಲೇರ್ ನ್ಯೂಯಾರ್ಕ್‌ಗೆ ಒಂದು ಸಂದೇಶ ಕಳಿಸಿದರು. ಇಂಟರಾಹಾಮ್ವೆಗೆ ತರಬೇತಿ ಕೊಡುತ್ತಿದ್ದ ಒಬ್ಬ ಮನುಷ್ಯ ಅವರ ಕಡೆಯವರಿಗೆ ಗುಟ್ಟು ಬಿಟ್ಟುಕೊಟ್ಟಿದ್ದ. ರಾಜಧಾನಿ ಕಿಗಾಲಿಯಲ್ಲಿರುವ ಟುಟ್ಸಿಗಳ ಪಟ್ಟಿ ಮಾಡಲು ತನಗೆ ಆದೇಶ ಬಂದಿದೆ, ಅದು ಕೊಲ್ಲುವುದಕ್ಕೇ ಇರಬೇಕು, ತನ್ನ ಹುಡುಗರು 20 ನಿಮಿಷದಲ್ಲಿ ಸಾವಿರ ಜನರನ್ನು ಕೊಲ್ಲಬಲ್ಲರು ಅಂತ ಹೇಳಿದ್ದ. ಬಚ್ಚಿಟ್ಟ ಆಯುಧಗಳನ್ನು ತೋರಿಸುತ್ತೇನೆ, ನನ್ನ ಕುಟುಂಬಕ್ಕೆ ರಕ್ಷಣೆ ಕೊಡಿ ಅಂತ ಕೇಳಿದ್ದ. ಇನ್ನೂ ಒಂದು ಮಾತು ಹೇಳಿದ್ದ: ಬೆಲ್ಜಿಯಂ ಸೈನಿಕರನ್ನು ಕೆಣಕಿ, ಕೆಲವರನ್ನು ಕೊಂದು, ಬೆಲ್ಜಿಯಂ ದೇಶ ಬಿಟ್ಟು ಹೋಗುವ ಹಾಗೆ ಮಾಡುವ ಯೋಜನೆ ಇದೆ.

36 ಗಂಟೆಯೊಳಗೆ ಆ ಆಯುಧಗಳನ್ನು ವಶಪಡಿಸಿಕೊಳ್ಳುತ್ತೇನೆ ಅಂದರು ಡಲ್ಲೇರ್. ಬೇಡ ಅಂತ ಉತ್ತರ ಬಂತು. ಆಗ ಶಾಂತಿಪಾಲನಾ ವಿಭಾಗದ ಮುಖ್ಯಸ್ಥರಾಗಿದ್ದವರು ಮುಂದೆ ಮಹಾ ಕಾರ್ಯದರ್ಶಿಯಾದ ಕೋಫಿ ಅನ್ನಾನ್. ಇದು ನಿಮಗೆ ಕೊಟ್ಟಿರುವ ಅಧಿಕಾರ ಮೀರಿದ ಕೆಲಸ, ಹೋಗಿ ಅಧ್ಯಕ್ಷ ಹಬ್ಯಾರಿಮಾನರಿಗೆ ಹೇಳಿ, ಅಮೆರಿಕ, ಫ್ರಾನ್ಸ್, ಬೆಲ್ಜಿಯಂ ರಾಯಭಾರ ಕಚೇರಿಗಳಿಗೆ ತಿಳಿಸಿ ಅಂತ ಅವರ ವಿಭಾಗ ಬರೆಯಿತು. ಯಾರ ಕಡೆಯವರು ಆಯುಧ ಕೂಡಿಡುತ್ತಿದ್ದರೋ ಅವರ ಬಳಿಯೇ ಹೋಗಿ ದೂರು ಕೊಡಿ ಅಂತ! ಭದ್ರತಾ ಮಂಡಳಿಗೆ ಈ ಫ್ಯಾಕ್ಸ್ ತೋರಿಸಲಿಲ್ಲ. ಆದರೆ ಮೂರು ರಾಯಭಾರ ಕಚೇರಿಗಳಿಗೆ ಜನವರಿಯಲ್ಲೇ ವಿಷಯ ಮುಟ್ಟಿತು. ಹಾಗಾಗಿ 'ಗೊತ್ತಿರಲಿಲ್ಲ' ಅನ್ನುವ ಮಾತನ್ನು ಆ ಮೂರು ದೇಶಗಳ ಬಾಯಲ್ಲಿ ಒಪ್ಪುವುದು ಕಷ್ಟ.

ನ್ಯೂಯಾರ್ಕ್ ಯಾಕೆ ಹಾಗೆ ಹೆದರಿತು? ಸೊಮಾಲಿಯಾ. 1993ರ ಅಕ್ಟೋಬರ್ 3ರಂದು ಮೊಗದಿಶುವಿನಲ್ಲಿ ಒಬ್ಬ ಸೇನಾ ನಾಯಕನ ಜನರನ್ನು ಹಿಡಿಯಲು ಹೋದ ಅಮೆರಿಕದ 18 ಸೈನಿಕರು ಸತ್ತರು, ಒಬ್ಬನ ಹೆಣವನ್ನು ಬೀದಿಯಲ್ಲಿ ಎಳೆದಾಡಿದ್ದು ಟಿವಿಯಲ್ಲಿ ಬಂತು. ಎರಡೇ ದಿನದ ನಂತರ, ಅಕ್ಟೋಬರ್ 5ರಂದು, ರುವಾಂಡಾ ಪಡೆಗೆ ಮಂಡಳಿ ಒಪ್ಪಿಗೆ ಕೊಟ್ಟಿತು. ಇದಕ್ಕಿಂತ ಕೆಟ್ಟ ಗಳಿಗೆ ಇರಲಾರದು. ಡಲ್ಲೇರ್ ಕೇಳಿದ್ದು 4,500 ಜನ, ಕೊಟ್ಟಿದ್ದು 2,548. ಗುಪ್ತಚರ ವಿಭಾಗ ಇಲ್ಲ. ಬಂದ ಎಂಟು ಶಸ್ತ್ರಸಜ್ಜಿತ ವಾಹನಗಳಲ್ಲಿ ಓಡುತ್ತಿದ್ದುದು ಐದು. ಬಜೆಟ್‌ಗೆ ಪೂರ್ತಿ ಒಪ್ಪಿಗೆ ಸಿಕ್ಕಿದ್ದು 1994ರ ಏಪ್ರಿಲ್ 4ರಂದು. ಆ ತಾರೀಕು ನೋಡಿ. ಏಪ್ರಿಲ್ 6ರ ರಾತ್ರಿ ಹಬ್ಯಾರಿಮಾನರ ವಿಮಾನವನ್ನು ಹೊಡೆದುರುಳಿಸಿದರು, ಜೊತೆಗಿದ್ದ ಬುರುಂಡಿಯ ಅಧ್ಯಕ್ಷರೂ ಸತ್ತರು. ಕೆಲವೇ ಗಂಟೆಗಳಲ್ಲಿ ರಸ್ತೆ ತಡೆಗಳು ಎದ್ದವು. ಬೆಲ್ಜಿಯಂ ಬರೆಸಿದ್ದ ಆ ಗುರುತಿನ ಚೀಟಿ ನೋಡಿಯೇ ಯಾರು ಬದುಕಬೇಕು ಯಾರು ಸಾಯಬೇಕು ಅಂತ ತೀರ್ಮಾನ ಆಗುತ್ತಿತ್ತು.

ಏಪ್ರಿಲ್ 7ರ ಬೆಳಿಗ್ಗೆ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನ ಅವರನ್ನು ಕೊಂದರು. ಅವರು ಹುಟು, ಆದರೆ ಉಗ್ರರ ಕಡೆಯವರಲ್ಲ. ಅವರ ಕಾವಲಿಗಿದ್ದ ಬೆಲ್ಜಿಯಂನ 10 ಸೈನಿಕರನ್ನು ಹಿಡಿದೊಯ್ದು ಕೊಂದರು. ಜನವರಿಯ ಫ್ಯಾಕ್ಸಿನಲ್ಲಿ ಏನಿತ್ತೋ ಅದೇ. ಬೆಲ್ಜಿಯಂ ಏನು ಮಾಡಿತು? ಅದೇ ಫ್ಯಾಕ್ಸಿನಲ್ಲಿ ಬರೆದ ಹಾಗೆ ದೇಶ ಬಿಟ್ಟು ಹೋಯಿತು. ಹೋಗುವುದಷ್ಟೇ ಅಲ್ಲ, ತಾನೊಬ್ಬನೇ ಓಡಿಹೋದೆ ಅನ್ನಿಸಿಕೊಳ್ಳಬಾರದು ಅಂತ, ಇಡೀ ಪಡೆಯನ್ನೇ ವಾಪಸ್ ಕರೆಸಿ ಅಂತ ಬೇರೆ ದೇಶಗಳ ಹತ್ತಿರ ಹೇಳುತ್ತಾ ತಿರುಗಿತು. ಹತ್ತು ಯುವಕರ ಸಾವು ಬೆಲ್ಜಿಯಂಗೆ ದೊಡ್ಡ ಆಘಾತವೇ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಕೊಲೆಗಾರರು ಬರೆದ ಚಿತ್ರಕಥೆಯ ಪ್ರಕಾರ ಒಂದು ದೇಶ ಅಷ್ಟು ಚೊಕ್ಕವಾಗಿ ನಡೆದುಕೊಂಡಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಸೈನಿಕರೇ ಇರಲಿಲ್ಲ ಅನ್ನುವ ಮಾತೂ ಬರುತ್ತದೆ. ಇದ್ದರು. ಏಪ್ರಿಲ್ 9ರಿಂದ ಮೊದಲ ವಾರದೊಳಗೆ ಫ್ರಾನ್ಸ್, ಬೆಲ್ಜಿಯಂ, ಇಟಲಿಯ ಸಾವಿರದಷ್ಟು ಚೆನ್ನಾಗಿ ತರಬೇತಾದ ಸೈನಿಕರು ವಿಮಾನದಲ್ಲಿ ಬಂದಿಳಿದರು. ಪಕ್ಕದ ಬುರುಂಡಿಯಲ್ಲಿ ಅಮೆರಿಕದ ಮರೀನ್ ಪಡೆ ಸಿದ್ಧವಾಗಿ ಕೂತಿತ್ತು. ಅವರೆಲ್ಲಾ ಬಂದದ್ದು ತಮ್ಮವರನ್ನು, ಅಂದರೆ ವಿದೇಶಿಯರನ್ನು, ಕರೆದುಕೊಂಡು ಹೋಗುವುದಕ್ಕೆ. ಕರೆದುಕೊಂಡು ಹೋದರು. ರಸ್ತೆ ತಡೆಗಳಲ್ಲಿ ಹೆಣ ಬಿದ್ದಿರುವಾಗ ಅವರ ಲಾರಿಗಳು ಅದೇ ದಾರಿಯಲ್ಲಿ ಓಡಾಡಿದವು.

ಕಿಗಾಲಿಯ ಕಿಚುಕಿರೋದಲ್ಲಿ ಇಟಿಓ ಎಂಬ ತಾಂತ್ರಿಕ ಶಾಲೆ ಇತ್ತು. ಅಲ್ಲಿ ಬೆಲ್ಜಿಯಂನ ಶಾಂತಿಪಾಲಕರು ಬೀಡುಬಿಟ್ಟಿದ್ದರು ಅಂತ ಸುಮಾರು 2,000 ಜನ ಆಸರೆಗೆ ಬಂದು ಸೇರಿದ್ದರು. ಗೇಟಿನ ಹೊರಗೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಏಪ್ರಿಲ್ 11ರಂದು, ವಿದೇಶಿಯರನ್ನು ಸಾಗಿಸಿ ಆದ ಮೇಲೆ, ಸೈನಿಕರಿಗೆ ವಿಮಾನ ನಿಲ್ದಾಣಕ್ಕೆ ಬರುವ ಆದೇಶ ಬಂತು. ಜನ ಗಾಡಿಗಳ ಮುಂದೆ ಅಡ್ಡ ನಿಂತರು. ನಮ್ಮನ್ನು ಬಿಟ್ಟು ಹೋಗಬೇಡಿ ಅಂತ ಬೇಡಿದರು. ಸೈನಿಕರು ಹೋದರು. ಅಂದೇ ಆ ಜನರನ್ನು ನ್ಯಾನ್ಝಾ ಎಂಬ ದಿಬ್ಬದ ಕಡೆ ನಡೆಸಿಕೊಂಡು ಹೋಗಿ ಗ್ರೆನೇಡು, ಬಂದೂಕು, ಮಚ್ಚುಗಳಿಂದ ಕೊಂದರು. ಉಳಿದವರು ಸ್ವಲ್ಪವೇ ಜನ. ಬ್ರಸೆಲ್ಸ್‌ನ ಕಡತದಲ್ಲಿ ಇದು ಪಡೆಯ ಮರುಜೋಡಣೆ. ಕಿಚುಕಿರೋದಲ್ಲಿ ಏನು ಅಂತ ನಾನು ಹೇಳಬೇಕಿಲ್ಲ ಅಲ್ವಾ.

ಈಗ ಏಪ್ರಿಲ್ 21ಕ್ಕೆ ಬರೋಣ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಕ್ಷಮಿಸಲಾಗದ ದಿನ ಅದು, ಜನವರಿ 11 ಅಲ್ಲ. ಜನವರಿಯಲ್ಲಿ ಅನುಮಾನಕ್ಕೆ ಜಾಗ ಇತ್ತು: ಗುಟ್ಟು ಬಿಟ್ಟವನು ಸುಳ್ಳು ಹೇಳುತ್ತಿರಬಹುದು, ಬಲೆ ಇರಬಹುದು, ಮೊಗದಿಶು ಮತ್ತೆ ಆಗಬಹುದು. ಏಪ್ರಿಲ್ 21ಕ್ಕೆ ಯಾವ ಅನುಮಾನವೂ ಉಳಿದಿರಲಿಲ್ಲ. ಮಹಾ ಕಾರ್ಯದರ್ಶಿ ಬುಟ್ರೋಸ್ ಘಾಲಿ ಮಂಡಳಿಯ ಮುಂದೆ ಮೂರು ದಾರಿ ಇಟ್ಟರು. ಪಡೆಯನ್ನು ದೊಡ್ಡದಾಗಿ ಹೆಚ್ಚಿಸುವುದು, 270ಕ್ಕೆ ಇಳಿಸುವುದು, ಪೂರ್ತಿ ಬಿಟ್ಟು ಬರುವುದು. ಮಂಡಳಿ ನಡುವಿನದನ್ನು ಆರಿಸಿತು. ಬಲಪಡಿಸಿ ಅಂತ ಮೊದಲು ಹೇಳಿದ್ದ ನೈಜೀರಿಯಾದಂಥ ದೇಶಗಳೂ ಕೊನೆಗೆ ಸುಮ್ಮನಾದವು, ಕಳಿಸುವವರೇ ಇಲ್ಲ ಅಂದ ಮೇಲೆ ಇನ್ನೇನು ಮಾಡುವುದು ಅಂತ.

ಆ ದಿನದ ತೂಕ ಗೊತ್ತಾಗಬೇಕಾದರೆ ಬುಟಾರೆ ಬಗ್ಗೆ ಹೇಳಬೇಕು. ದಕ್ಷಿಣದ ಬುಟಾರೆ ಪ್ರಾಂತ್ಯದಲ್ಲಿ ಟುಟ್ಸಿಗಳು ಜಾಸ್ತಿ, ಹುಟು ಟುಟ್ಸಿ ಮದುವೆ ಸಂಬಂಧಗಳೂ ಜಾಸ್ತಿ. ಅಲ್ಲಿನ ಆಡಳಿತದ ಮುಖ್ಯಸ್ಥ ಜ್ಯಾನ್ ಬ್ಯಾಪ್ಟಿಸ್ಟ್ ಹಬ್ಯಾಲಿಮಾನ, ದೇಶದ ಪ್ರಾಂತ್ಯಾಧಿಕಾರಿಗಳಲ್ಲಿ ಒಬ್ಬನೇ ಟುಟ್ಸಿ. ಕಿಗಾಲಿ ಉರಿಯುತ್ತಿರುವಾಗ ಆತ ಸುಮಾರು ಎರಡು ವಾರ ತನ್ನ ಪ್ರಾಂತ್ಯದ ಬಹುಭಾಗವನ್ನು ಶಾಂತವಾಗಿ ಇಟ್ಟಿದ್ದ. ಬೇರೆ ಕಡೆಯ ಜನ ಅಲ್ಲಿಗೆ ಓಡಿ ಬರುತ್ತಿದ್ದರು. ಹಬ್ಯಾರಿಮಾನ ಸತ್ತ ಮೇಲೆ ಉಗ್ರರು ಕಟ್ಟಿದ್ದ ಮಧ್ಯಂತರ ಸರ್ಕಾರ ಆತನನ್ನು ಹುದ್ದೆಯಿಂದ ತೆಗೆಯಿತು. ಏಪ್ರಿಲ್ 19ರಂದು ಮಧ್ಯಂತರ ಅಧ್ಯಕ್ಷ ಸಿಂಡಿಕುಬ್ವಾಬೊ ಸ್ವತಃ ಬುಟಾರೆಗೆ ಬಂದು ಭಾಷಣ ಮಾಡಿದ. ಕೆಲಸ ಮಾಡದೆ ನೋಡುತ್ತಾ ನಿಂತವರನ್ನು ಚುಚ್ಚಿದ. 'ಕೆಲಸ' ಅಂದರೆ ಏನು ಅಂತ ಕೇಳುವವರಿಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಬುಟಾರೆಯಲ್ಲಿ ನಡೆದ ಕೊಲೆಗಳು ದೇಶದಲ್ಲೇ ಅತಿ ಭೀಕರವಾದವುಗಳ ಸಾಲಿಗೆ ಸೇರುತ್ತವೆ. ಹಬ್ಯಾಲಿಮಾನನನ್ನೂ ಆಮೇಲೆ ಕೊಂದರು.

ಏಪ್ರಿಲ್ 19, ಏಪ್ರಿಲ್ 21. ಅಲ್ಲಿ ಅವರು ಕೊಲೆಯನ್ನು ಇಡೀ ದೇಶಕ್ಕೆ ಹರಡುವ ತೀರ್ಮಾನ ಮಾಡಿದ ವಾರದಲ್ಲೇ ಇಲ್ಲಿ ಇವರು ಪಡೆ ಇಳಿಸುವ ತೀರ್ಮಾನ ಮಾಡಿದರು. ಕೊಲೆಗಾರರಿಗೆ ಸುದ್ದಿ ತಡವಾಗಿ ತಲುಪಿರಬಹುದು ಅಂದುಕೊಳ್ಳಬೇಡಿ. ಅವರ ಪ್ರತಿನಿಧಿ ಒಳಗೇ ಕೂತಿದ್ದ, ಗುಟ್ಟಿನ ಸಮಾಲೋಚನೆಗಳೂ ಅವನ ಕಿವಿಗೆ ಬೀಳುತ್ತಿದ್ದವು. ಮೇ ತಿಂಗಳಲ್ಲಿ ಶಸ್ತ್ರಾಸ್ತ್ರ ಮಾರಾಟ ನಿಷೇಧಿಸುವ ಮತ ಬಂದಾಗ ಅದರ ವಿರುದ್ಧ ಬಿದ್ದ ಒಂದೇ ಒಂದು ಮತ ರುವಾಂಡಾದ್ದು. ಆತನನ್ನು ಆ ಕುರ್ಚಿಯಿಂದ ಎಬ್ಬಿಸಲು, ಕೊನೆಗೆ ಆ ಸರ್ಕಾರಕ್ಕೆ ಮಾನ್ಯತೆ ಇಲ್ಲ ಅಂತ ಒಂದು ಮಾತು ಹೇಳಲು, ಒಬ್ಬ ಸೈನಿಕನೂ ಬೇಕಿರಲಿಲ್ಲ, ಒಂದು ಡಾಲರೂ ಖರ್ಚಾಗುತ್ತಿರಲಿಲ್ಲ.

ಏಪ್ರಿಲ್ ತಿಂಗಳು ಮಂಡಳಿಯ ಅಧ್ಯಕ್ಷತೆ ನ್ಯೂಜಿಲೆಂಡ್‌ನ ಕಾಲಿನ್ ಕೀಟಿಂಗ್ ಅವರದು. ಅವರು ಮತ್ತು ಝೆಕ್ ರಾಯಭಾರಿ ಕರೆಲ್ ಕೊವಾಂಡಾ ಇದನ್ನು ಇದರ ಹೆಸರಿನಿಂದಲೇ ಕರೆಯಿರಿ ಅಂತ ಹಟ ಹಿಡಿದರು. ಕದನವಿರಾಮ ಮಾಡಿಸೋಣ ಅನ್ನುವವರಿಗೆ ಕೊವಾಂಡಾ, ಹಿಟ್ಲರ್‌ಗೂ ಯಹೂದಿಗಳಿಗೂ ಕದನವಿರಾಮ ಮಾಡಿಸಿದ ಹಾಗಾಯಿತು ಅಂದರು. ಏಪ್ರಿಲ್ 30ರ ಹೇಳಿಕೆಯಲ್ಲಿ 1948ರ ಒಪ್ಪಂದದ ವ್ಯಾಖ್ಯೆಯ ಮಾತುಗಳನ್ನೇ ಎತ್ತಿ ಹಾಕಿ, ಜೆನೊಸೈಡ್, ಅಂದರೆ ನರಮೇಧ, ಅನ್ನುವ ಪದವೊಂದನ್ನು ಬಿಟ್ಟರು. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಮೇ 1ರಂದು ಓಡಾಡಿದ ಒಂದು ಟಿಪ್ಪಣಿ ಆಮೇಲೆ ಬಹಿರಂಗವಾಯಿತು. ನರಮೇಧ ಅಂತ ಒಪ್ಪಿದರೆ ನಾವು ನಿಜಕ್ಕೂ ಏನಾದರೂ ಮಾಡಬೇಕಾದೀತು, ಹುಷಾರು ಅನ್ನುವುದು ಅದರ ತಾತ್ಪರ್ಯ. ಆ ದ್ವೇಷದ ರೇಡಿಯೋವನ್ನು ಆಕಾಶದಿಂದ ಜಾಮ್ ಮಾಡಬಹುದೇ ಅಂತ ಕೇಳಿದಾಗ ಪೆಂಟಗನ್ ವಿಮಾನದ ಬಾಡಿಗೆ ಲೆಕ್ಕ ಕೊಟ್ಟಿತು, ಗಂಟೆಗೆ ಸುಮಾರು 8,500 ಡಾಲರ್. ದುಬಾರಿ, ಕಾನೂನಿನ ತೊಡಕೂ ಇದೆ, ಬೇಡ ಅಂತಾಯಿತು.

ಇಲ್ಲೊಂದು ಅಡ್ಡ ಮಾತು. ಆ ಪದ ಹೇಳಿದ್ದರೆ ಎಲ್ಲಾ ಸರಿಹೋಗುತ್ತಿತ್ತು ಅನ್ನುವ ನಂಬಿಕೆ ತುಂಬಾ ಜನರಿಗಿದೆ. ನನಗಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ಸುಡಾನ್‌ನ ದಾರ್ಫುರ್‌ನಲ್ಲಿ ನಡೆಯುತ್ತಿರುವುದು ನರಮೇಧ ಅಂತ ಸ್ಪಷ್ಟವಾಗಿ ಹೇಳಿದರು. ಅದೇ ಉಸಿರಿನಲ್ಲಿ, ಇದರಿಂದ ನಾವು ಹೊಸದಾಗಿ ಏನೂ ಮಾಡಬೇಕಾಗಿಲ್ಲ ಅಂತಲೂ ಹೇಳಿದರು. ಹತ್ತು ವರ್ಷದಲ್ಲಿ ಪದದ ಭಯ ಹೋಗಿತ್ತು, ಅಷ್ಟೇ.

ಮೇ 17ಕ್ಕೆ ಮಂಡಳಿಗೆ ಎಚ್ಚರವಾಗಿ 5,500 ಜನರ ಹೊಸ ಪಡೆಗೆ ಒಪ್ಪಿಗೆ ಕೊಟ್ಟಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಬಾಗಿಲೂ ಸರಿಯಾಗಿ ಬೀಳಲಿಲ್ಲ. ಸೈನಿಕರನ್ನು ಕೊಡುತ್ತೇವೆ ಅಂದ ಆಫ್ರಿಕಾ ದೇಶಗಳ ಬಳಿ ವಾಹನ ಇಲ್ಲ, ವಾಹನ ಇರುವ ಅಮೆರಿಕ ಬಾಡಿಗೆ ಎಷ್ಟು, ಸಾಗಣೆ ಖರ್ಚು ಯಾರದು ಅಂತ ವಾರಗಟ್ಟಲೆ ಚೌಕಾಸಿ ಮಾಡಿತು. ಜುಲೈ ಕೊನೆಯ ವಾರದಲ್ಲೂ ಅಲ್ಲಿದ್ದವರು 550 ಜನ. ಅಷ್ಟರಲ್ಲಿ ಆರ್‌ಪಿಎಫ್ ಯುದ್ಧ ಗೆದ್ದು ನರಮೇಧ ನಿಂತಿತ್ತು. ಅಂದಹಾಗೆ ಆರ್‌ಪಿಎಫ್ ಸಹ ಏಪ್ರಿಲ್ ಕೊನೆಗೆ, ವಿಶ್ವಸಂಸ್ಥೆ ಮಧ್ಯೆ ಬರುವ ಕಾಲ ಮುಗಿದಿದೆ ಅಂತ ಹೊಸ ಪಡೆಯನ್ನು ವಿರೋಧಿಸಿತ್ತು. ತನ್ನ ಗೆಲುವಿಗೆ ಅಡ್ಡ ಬರುತ್ತಾರೆ ಅನ್ನುವ ಲೆಕ್ಕ. ಇದನ್ನು ಇಂದಿನ ರುವಾಂಡಾದಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ.

ನಿಮ್ಮ ಮೂರನೇ ಪ್ರಶ್ನೆ, ಸೈನ್ಯ ಕಳಿಸಿದ್ದರೆ ಬದಲಾಗುತ್ತಿತ್ತಾ? ಸರಿಯಾದ 5,000 ಜನ ಇದ್ದಿದ್ದರೆ ಬಹುಪಾಲು ಕೊಲೆ ತಡೆಯಬಹುದಿತ್ತು ಅನ್ನುತ್ತಾರೆ ಡಲ್ಲೇರ್. ಕೊಲೆಯ ವೇಗ ಅಷ್ಟಿತ್ತು, ದೂರದಿಂದ ಸೈನ್ಯ ಬಂದಿಳಿದು ಹರಡಿಕೊಳ್ಳುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದಿರುತ್ತಿತ್ತು ಅಂತ ವಾದಿಸುವ ಸಂಶೋಧಕರೂ ಇದ್ದಾರೆ. ಅದು ಸುಳ್ಳು ವಾದವಲ್ಲ. ಆದರೆ ಅದು ಲೆಕ್ಕ ಹಾಕುವುದು ಹೊಸದಾಗಿ ಸಾಗಿಸಬೇಕಾದ ಸೈನ್ಯವನ್ನು. ನನ್ನ ಕಣ್ಣು ಹೋಗುವುದು ಆಗಲೇ ಅಲ್ಲಿದ್ದವರ ಕಡೆ. ಇದ್ದವರು ಸ್ವಲ್ಪವೇ ಇದ್ದ ಕಡೆಯೂ ಜನ ಬದುಕಿದರು. ಕಿಗಾಲಿಯ ಅಮಾಹೊರೊ ಸ್ಟೇಡಿಯಂನಲ್ಲಿ ಶಾಂತಿ ಪಡೆಯ ಆಸರೆಯಲ್ಲಿ ಸಾವಿರಾರು ಜನ ಉಳಿದರು. ಮಿಲ್ ಕೊಲಿನ್ ಹೋಟೆಲಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಉಳಿದರು. ಕಾವಲಿಗೆ ಬೆರಳೆಣಿಕೆಯ ಶಾಂತಿಪಾಲಕರು, ಕೈಯಲ್ಲಿ ಹೊರದೇಶಕ್ಕೆ ಕರೆ ಮಾಡಲು ಒಂದು ಫೋನ್ ಲೈನು. ಸೆನೆಗಲ್‌ನ ಕ್ಯಾಪ್ಟನ್ ಎಂಬಾಯೆ ಡಯಾನ್ಯೆ, ಕೈಯಲ್ಲಿ ಆಯುಧವೇ ಇಲ್ಲದ ವೀಕ್ಷಕ, ರಸ್ತೆ ತಡೆಗಳಲ್ಲಿ ನಗುತ್ತಾ, ತಮಾಷೆ ಮಾಡುತ್ತಾ, ಸಿಗರೇಟು ಹಂಚುತ್ತಾ ತನ್ನ ಜೀಪಿನಲ್ಲಿ ಮೂರು ನಾಲ್ಕು ಜನರಂತೆ ಸಾಗಿಸಿ ನೂರಾರು ಜೀವ ಉಳಿಸಿದ. ಮೇ 31ರಂದು ಶೆಲ್ ಬಡಿದು ಸತ್ತ. ಡಲ್ಲೇರ್ ಮತ್ತು ಘಾನಾದ ಹೆನ್ರಿ ಅನ್ಯಿಡೊಹೊ 270ರ ಆದೇಶವನ್ನೂ ಪೂರ್ತಿ ಪಾಲಿಸದೆ 450ರಷ್ಟು ಜನರನ್ನು ಉಳಿಸಿಕೊಂಡರು, ಅವರಲ್ಲಿ ಹೆಚ್ಚಿನವರು ಘಾನಾದವರು. ಕೊಲೆಗಾರರು ಹುಚ್ಚು ಹಿಡಿದು ನುಗ್ಗುವ ಗುಂಪಾಗಿರಲಿಲ್ಲ. ಮೇಲಿನಿಂದ ಆದೇಶ ಬರುತ್ತಿತ್ತು, ಮೇಲಿನವರು ಹೊರಗಿನವರ ಮುಖ ನೋಡುತ್ತಿದ್ದರು. ಹಾಗಾಗಿ ಎಲ್ಲರನ್ನೂ ಉಳಿಸಲಾಗುತ್ತಿರಲಿಲ್ಲ ಅನ್ನುವುದು ನಿಜ, ಯಾರನ್ನೂ ಉಳಿಸಲಾಗುತ್ತಿರಲಿಲ್ಲ ಅನ್ನುವುದು ಸುಳ್ಳು.

ಈ ವಾದಕ್ಕೆ ಕಾನೂನಿನಲ್ಲೂ ಒಂದು ಉತ್ತರ ಇದೆ, ಅದು ಬಂದದ್ದು ಬೇರೆ ಪ್ರಕರಣದಲ್ಲಿ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ, ವಿಶ್ವಸಂಸ್ಥೆಯೇ ಸುರಕ್ಷಿತ ಪ್ರದೇಶ ಅಂತ ಘೋಷಿಸಿದ್ದ ಜಾಗದಲ್ಲಿ, ಡಚ್ ಶಾಂತಿಪಾಲಕರ ಕಣ್ಣೆದುರಿನಿಂದ ಕರೆದೊಯ್ದು 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಬೋಸ್ನಿಯಾ ಸರ್ಬ್ ಪಡೆ ಕೊಂದಿತು. 2007ರ ಫೆಬ್ರವರಿ 26ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿತು: ಕೊಂದದ್ದು ಆ ಪಡೆಯ ಬೆನ್ನಿಗಿದ್ದ ಪಕ್ಕದ ದೇಶ ಸರ್ಬಿಯಾ ಅಲ್ಲ, ಆದರೆ ತಡೆಯುವ ಹೊಣೆಯಲ್ಲಿ ಅದು ತಪ್ಪಿತು. ಗಂಭೀರ ಅಪಾಯ ಇದೆ ಅಂತ ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ ಕ್ಷಣದಿಂದಲೇ ಹೊಣೆ ಶುರು. ಯಾರಿಗೆ ಕೊಲೆಗಾರರ ಮೇಲೆ ಪ್ರಭಾವ ಜಾಸ್ತಿಯೋ ಅವರ ಹೊಣೆಯೂ ಜಾಸ್ತಿ. ನಾನೊಬ್ಬ ಎಷ್ಟು ಮಾಡಿದ್ದರೂ ತಡೆಯಲಾಗುತ್ತಿರಲಿಲ್ಲ ಅಂತ ಒಂದು ದೇಶ ಸಾಬೀತು ಮಾಡಿದರೂ ಅದು ತಪ್ಪಿಸಿಕೊಳ್ಳುವ ದಾರಿಯಲ್ಲ, ಯಾಕೆಂದರೆ ಎಲ್ಲರೂ ತಮ್ಮ ಪಾಲಿನದನ್ನು ಮಾಡಿದ್ದರೆ ತಡೆಯಬಹುದಿತ್ತೇನೋ.

ಈ ಅಳತೆಕೋಲನ್ನು 1994ಕ್ಕೆ ಹಿಡಿದು ನೋಡಿ. ಫ್ರಾನ್ಸ್ ಉಳಿಯುವುದಿಲ್ಲ. ಆ ಸೈನ್ಯಕ್ಕೆ ತರಬೇತಿ ಕೊಟ್ಟವರು ಅವರೇ. 2021ರಲ್ಲಿ ಅವರ ಸರ್ಕಾರವೇ ನೇಮಿಸಿದ ಇತಿಹಾಸಕಾರರ ಆಯೋಗ ಫ್ರಾನ್ಸ್‌ನ ಹೊಣೆ ಭಾರಿಯಾದದ್ದು ಅಂತ ಬರೆಯಿತು, ನೇರ ಪಾಲುದಾರಿಕೆ ಇಲ್ಲ ಅಂತ ಜೊತೆಗೆ ಸೇರಿಸಿತು. ಆದರೆ ತೀರ್ಪಿನ ಇನ್ನೊಂದು ಮುಖವನ್ನೂ ಹೇಳಬೇಕು. ಸರ್ಬಿಯಾ ತಪ್ಪಿತಸ್ಥ ಅಂತಾದರೂ ಪರಿಹಾರವಾಗಿ ಒಂದು ಪೈಸೆ ಕೊಡಬೇಕಾಗಲಿಲ್ಲ. ಡಚ್ ಸುಪ್ರೀಂ ಕೋರ್ಟ್ 2019ರಲ್ಲಿ, ತನ್ನ ಸೈನಿಕರ ಆವರಣದಿಂದ ಹೊರಗೆ ಕಳಿಸಿದ ಸುಮಾರು 350 ಗಂಡಸರ ಮಟ್ಟಿಗೆ ದೇಶದ ಹೊಣೆ ಶೇ 10 ಅಂತ ಹೇಳಿತು. ಕೊಂದವರಿಗೆ ಶಿಕ್ಷೆ ಕೊಡುವ ವ್ಯವಸ್ಥೆ ಮಾತ್ರ ನಿಧಾನಕ್ಕೆ ಬೆಳೆಯಿತು, ರುವಾಂಡಾದ ಕೊಲೆಗಾರರ ವಿಚಾರಣೆಗೆ ವಿಶ್ವಸಂಸ್ಥೆ ಅರುಷಾದಲ್ಲಿ ಕಟ್ಟಿದ ವಿಶೇಷ ನ್ಯಾಯಾಲಯ 1998ರಲ್ಲಿ ಅಕಾಯೆಸು ಎಂಬ ಮೇಯರ್‌ಗೆ ಕೊಟ್ಟ ಶಿಕ್ಷೆ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ನರಮೇಧಕ್ಕೆ ಕೊಟ್ಟ ಮೊದಲನೆಯದು. ತಡೆಯದೆ ಇದ್ದವರಿಗೆ ಇಂದಿಗೂ ಇರುವುದು ಕ್ಷಮೆ ಕೇಳುವ ಶಿಕ್ಷೆ. ಅಮೆರಿಕದ ಅಧ್ಯಕ್ಷ ಕ್ಲಿಂಟನ್ 1998ರಲ್ಲಿ ಕಿಗಾಲಿ ವಿಮಾನ ನಿಲ್ದಾಣದಲ್ಲೇ ಮಾತಾಡಿ ಹೋದರು, ಬೆಲ್ಜಿಯಂ ಪ್ರಧಾನಿ 2000ದಲ್ಲಿ ಕ್ಷಮೆ ಕೇಳಿದರು.

ಇದೆಲ್ಲಾ ಹಳೇ ಕಥೆ ಅನ್ನಿಸಿದರೆ ಮತ್ತೆ ದಾರ್ಫುರ್ ನೋಡಿ. ಅಲ್ಲಿದ್ದ ಶಾಂತಿ ಪಡೆಯನ್ನು 2020ರ ಕೊನೆಗೆ ಮುಚ್ಚಿದರು. 2024ರ ಮೇ ತಿಂಗಳಿಂದ, ಸುಡಾನ್ ಸೈನ್ಯದ ವಿರುದ್ಧ ಯುದ್ಧಕ್ಕಿಳಿದಿದ್ದ ಅರೆಸೈನಿಕ ಆರ್‌ಎಸ್‌ಎಫ್ ಪಡೆ ಎಲ್ ಫಾಶರ್ ನಗರವನ್ನು ಮುತ್ತಿತು. ಮುತ್ತಿಗೆ ನಿಲ್ಲಿಸಿ ಅಂತ ಭದ್ರತಾ ಮಂಡಳಿ ಜೂನ್‌ನಲ್ಲೇ ನಿರ್ಣಯ ಮಾಡಿತು. ಆರ್‌ಎಸ್‌ಎಫ್ ನರಮೇಧ ಮಾಡಿದೆ ಅಂತ ಅಮೆರಿಕ 2025ರ ಜನವರಿಯಲ್ಲಿ ಘೋಷಿಸಿತು. ಅಕ್ಟೋಬರ್ 26ಕ್ಕೆ ನಗರ ಬಿತ್ತು, ಸಾಮೂಹಿಕ ಕೊಲೆಗಳಾದವು. ಹದಿನೇಳು ತಿಂಗಳು ಇಡೀ ಜಗತ್ತು ಉಪಗ್ರಹ ಚಿತ್ರಗಳಲ್ಲಿ ನೋಡುತ್ತಿತ್ತು.

ಕೊನೆಗೆ ಭಾರತ. 1994ರಲ್ಲಿ ಭಾರತ ಭದ್ರತಾ ಮಂಡಳಿಯಲ್ಲಿ ಇರಲಿಲ್ಲ, ಹಾಗಾಗಿ ಆ ಮತದಲ್ಲಿ ನಮ್ಮ ಕೈ ಇಲ್ಲ. ಎಲ್ಲಾ ಮುಗಿದ ಮೇಲೆ ಹೋದ ಪಡೆಯಲ್ಲಿ ನಮ್ಮ ಗೂರ್ಖಾ ಬೆಟಾಲಿಯನ್ ಇತ್ತು, ಕೊನೆಯ ತಿಂಗಳುಗಳಲ್ಲಿ ಅದರ ಉಸ್ತುವಾರಿ ಕಮಾಂಡರ್ ನಮ್ಮ ಬ್ರಿಗೇಡಿಯರ್ ಶಿವ ಕುಮಾರ್. ಇನ್ನೂ ಹಿಂದಕ್ಕೆ ಹೋದರೆ ನಮಗೆ ಹೆಮ್ಮೆಯ ಜಾಗವೇ ಇದೆ. 1946ರಲ್ಲಿ, ನಮಗೆ ಸ್ವಾತಂತ್ರ್ಯ ಬರುವ ಮೊದಲೇ, ನರಮೇಧವನ್ನು ಅಪರಾಧ ಅಂತ ಘೋಷಿಸುವ ವಿಷಯವನ್ನು ವಿಶ್ವಸಂಸ್ಥೆಯ ಮುಂದೆ ತಂದ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. 1959ರಲ್ಲಿ ಭಾರತ ಒಪ್ಪಂದವನ್ನು ಸ್ಥಿರೀಕರಿಸಿತು. ಆದರೆ 9ನೇ ವಿಧಿಗೆ ಒಂದು ಷರತ್ತು ಹಾಕಿತು, ನಮ್ಮ ಒಪ್ಪಿಗೆ ಇಲ್ಲದೆ ನಮ್ಮನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಅಂತ. ಇದು ಕಾಗದದ ಮೇಲಿನ ಸಣ್ಣ ವಿಷಯವಲ್ಲ. ಆರ್‌ಎಸ್‌ಎಫ್‌ಗೆ ಯುಎಇ ನೆರವು ಕೊಡುತ್ತಿದೆ ಅಂತ ಸುಡಾನ್ ಹೂಡಿದ ಮೊಕದ್ದಮೆಯನ್ನು, ಯುಎಇ ಅದನ್ನು ಅಲ್ಲಗಳೆದಿತ್ತು ಬಿಡಿ, ನ್ಯಾಯಾಲಯ 2025ರ ಮೇ 5ರಂದು ಪಟ್ಟಿಯಿಂದಲೇ ತೆಗೆಯಿತು. ಸಾಕ್ಷಿ ನೋಡಿ ಅಲ್ಲ, 9ನೇ ವಿಧಿಗೆ ಯುಎಇ ಹಾಕಿದ್ದ ಷರತ್ತು ನೋಡಿ.

ದೇಶದೊಳಗಿನ ಕಾನೂನಿನ ವಿಷಯವೂ ಹೀಗೇ. ಒಪ್ಪಂದದ 5ನೇ ವಿಧಿ ಪ್ರಕಾರ ಪ್ರತಿ ದೇಶವೂ ಇದಕ್ಕೆ ತನ್ನದೇ ಕಾನೂನು ಮಾಡಬೇಕು. 1984ರ ಸಿಖ್ ಹತ್ಯೆಗಳ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 17ರ ತೀರ್ಪಿನಲ್ಲಿ, ನಮ್ಮ ಅಪರಾಧ ಕಾನೂನಿನಲ್ಲಿ ನರಮೇಧವೂ ಇಲ್ಲ, ಮಾನವತೆಯ ವಿರುದ್ಧದ ಅಪರಾಧಗಳೂ ಇಲ್ಲ, ಈ ಲೋಪವನ್ನು ಬೇಗ ಸರಿಪಡಿಸಬೇಕು ಅಂತ ಬರೆಯಿತು. ಆಮೇಲೆ ಐಪಿಸಿ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲೂ ಆ ಅಪರಾಧಕ್ಕೆ ಸೆಕ್ಷನ್ ಇಲ್ಲ.